ಆರುವ ಸ್ವರ

ಮಂಚೇನಹಳ್ಳಿಯ ನಮಗೆ ಗೊತ್ತಿದ್ದದ್ದು ಹಾರ್ಮೋನಿಯಂ. ತಿದಿಯಲ್ಲಿ ಗಾಳಿಯಿರುವ ತನಕ ಸ್ವರ ನಿಲ್ಲುತ್ತದೆ. ಪಿಯಾನೋ ಹಾಗಲ್ಲ. ತಂತಿಗೆ ಸುತ್ತಿಗೆ ಬಿದ್ದ ಕ್ಷಣದಿಂದಲೇ ಸ್ವರ ಆರತೊಡಗುತ್ತದೆ. ಅದರಲ್ಲಿ ಹಾಡಿನಂಥ ಕೃತಿಯನ್ನು ತಿದ್ದಿ ನುಡಿಸುವವರು ಆರುತ್ತಿರುವ ಸ್ವರವನ್ನು ಆಲಿಸಿ, ಅದೇ ಮಟ್ಟದಲ್ಲಿ ಮುಂದಿನದನ್ನು ಜೋಡಿಸಬೇಕು. ಎಡಗೈ ತಗ್ಗಬೇಕು, ಪೆಡಲ್ ಸ್ವರಗಳನ್ನು ಕಲಸಬಾರದು. ಬೆರಳಿನ ವೇಗವಲ್ಲ, ಕಿವಿಯ ಸಬರ್ ಬೇಕು.

ಮೈಸೂರಿನ ಜಯಚಾಮರಾಜ ಒಡೆಯರ್‌ಗೆ ಪಿಯಾನೋ ವಾದಕರಾಗುವ ಆಸೆಯಿತ್ತು. 1940ರಲ್ಲಿ ಸಿಂಹಾಸನ ಬಂತು. ಲಂಡನ್ನಿನಲ್ಲಿದ್ದ, ಕಾಯಿಲೆಯ ಮುದುಕ, ರಷ್ಯದ ನಿಕೊಲಾಯ್ ಮೆಡ್ಟ್ನರ್ ತಮ್ಮ ಕೃತಿಗಳನ್ನು ತಾವೇ ನುಡಿಸಿ ಧ್ವನಿಮುದ್ರಿಸಲು ಆ ದಶಕದ ಕೊನೆಯಲ್ಲಿ ಮಹಾರಾಜರು ಹಣ ಕೊಟ್ಟರು. ಮೆಡ್ಟ್ನರ್ ತಮ್ಮ ಮೂರನೇ ಪಿಯಾನೋ ಕನ್ಚರ್ಟೊವನ್ನು ಅವರಿಗೆ ಅರ್ಪಿಸಿ, 1951ರಲ್ಲಿ ತೀರಿಕೊಂಡರು. ಆ ಮುದ್ರಣಗಳನ್ನು ಮೊಬೈಲಿನಲ್ಲಿ ಕೇಳುವಾಗ, ಕೊನೆಯ ಸ್ವರ ಪೂರ್ತಿ ಆರುವ ತನಕ ನಾವು ಬೆರಳು ಮುಟ್ಟಿಸುವುದಿಲ್ಲ.