ನೂರು ಮಿಡಿಯ ಲೆಕ್ಕ

ನಮ್ಮ ಕಡೆ ಅಪ್ಪೆಮಿಡಿಯನ್ನು ತೂಗುವುದಿಲ್ಲ, ಎಣಿಸುತ್ತಾರೆ. ಶಿರಸಿಯ ಪೇಟೆಯಲ್ಲಾಗಲಿ, ರಿಪ್ಪನ್‌ಪೇಟೆಯ ರಸ್ತೆ ಬದಿಯಲ್ಲಾಗಲಿ, ಬೇಸಿಗೆ ಶುರುವಾಗುವ ಹೊತ್ತಿಗೆ ಗೋಣಿ ಹಾಸಿ ಮಿಡಿ ರಾಶಿ ಹಾಕಿಕೊಂಡು ಕೂತವರ ಹತ್ತಿರ ಹೋದರೆ ‘ನೂರಕ್ಕೆ ಎಷ್ಟು?’ ಎಂದೇ ಕೇಳಬೇಕು. ಅದಕ್ಕೂ ಮೊದಲು ಒಂದು ಮಿಡಿಯ ತೊಟ್ಟು ಮುರಿದು, ಸೊನೆ ಚಿಮ್ಮಿಸಿ ಮೂಗಿನ ಹತ್ತಿರ ಹಿಡಿಯಬೇಕು. ಕೆಲವದಕ್ಕೆ ಜೀರಿಗೆಯ ಪರಿಮಳ, ಕೆಲವದಕ್ಕೆ ಕರ್ಪೂರದ್ದು. ಪರಿಮಳ ಒಪ್ಪಿಗೆಯಾದರೆ ವ್ಯಾಪಾರ, ಇಲ್ಲದಿದ್ದರೆ ಮುಂದಿನ ಗೋಣಿ. ಎಣಿಸಿ ಮುಗಿದ ಮೇಲೆ ಕೊಸರೆಂದು ನಾಲ್ಕು ಮಿಡಿ ಮೇಲೆ ಬೀಳುತ್ತದೆ. ಬೀಳದಿದ್ದರೆ ಕೇಳಿ ಹಾಕಿಸಿಕೊಳ್ಳುವುದು ಕೊಳ್ಳುವವರ ಹಕ್ಕು.

ಈ ವ್ಯಾಪಾರದಲ್ಲಿ ಮೂಗು, ಕೈ, ಬಾಯಿ ಎಲ್ಲಕ್ಕೂ ಕೆಲಸವಿದೆ. ನಾನು ಮಾಡುವ ವ್ಯಾಪಾರದಲ್ಲಿ ಕಣ್ಣಿಗೆ ಮತ್ತು ಹೆಬ್ಬೆರಳಿಗೆ ಮಾತ್ರ. ಬೆಂಗಳೂರಿನಲ್ಲಿ ಕೂತು, ಊರಿನಲ್ಲಿ ಅತ್ತಿಗೆ ಹಾಕುವ ಉಪ್ಪಿನಕಾಯಿಯನ್ನು ಫೋನಿನಲ್ಲಿ ಮಾರುತ್ತೇನೆ. ನೌಕರಿ ಬೇರೆ ಇದೆ. ಇದು ಸಂಜೆ ಏಳರ ಮೇಲಿನ ಕೆಲಸ.

ಶುರುವಾದದ್ದು 2020ರ ಲಾಕ್‌ಡೌನಿನಲ್ಲಿ. ಅಲ್ಲಿಯವರೆಗೆ ಅತ್ತಿಗೆಯ ಉಪ್ಪಿನಕಾಯಿ ಮನೆಗೆ ಬಂದ ನೆಂಟರ ಚೀಲದಲ್ಲಿ, ಮದುವೆ ಮನೆಯಿಂದ ವಾಪಸು ಹೋಗುವವರ ಡಿಕ್ಕಿಯಲ್ಲಿ ಊರೂರು ತಿರುಗುತ್ತಿತ್ತು. ದುಡ್ಡು ಕೊಡುವವರು ಕೊಡುತ್ತಿದ್ದರು, ಕೊಡದವರಿಗೆ ಅವಳು ಕೇಳುತ್ತಿರಲಿಲ್ಲ. ಆ ವರ್ಷ ನೆಂಟರೂ ಇಲ್ಲ, ಮದುವೆಯೂ ಇಲ್ಲ. ಜಾಡಿಗಳು ಮಾತ್ರ ತುಂಬಿ ಕೂತಿದ್ದವು. ನಾನು ಒಂದು ಫೋಟೋವನ್ನು ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದೆ. ಸಂಜೆಯೊಳಗೆ ಹನ್ನೊಂದು ಮನೆಯವರು ಬೇಕು ಎಂದರು. ಹಾಗೆಂದು ಫೋನಿನಲ್ಲಿ ಹೇಳಿದಾಗ ಅತ್ತಿಗೆ ಕೇಳಿದ ಮೊದಲ ಪ್ರಶ್ನೆ, ‘ಅವ್ರೆಲ್ಲ ಯಾರು?’

ಆ ಪ್ರಶ್ನೆಗೆ ಇವತ್ತಿಗೂ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ನನ್ನ ಮಟ್ಟಿಗೆ ಸೋಷಿಯಲ್ ಮೀಡಿಯಾದ ವ್ಯಾಪಾರವೆಂದರೆ ಆ ಉತ್ತರವನ್ನು ಹುಡುಕುವ ಕೆಲಸವೇ.

ಮೊದಲು ಸಾಮಾನು ಹೊಂದಿಸಿಕೊಂಡೆವು. ವಾಟ್ಸ್ಆ್ಯಪ್‌ನಲ್ಲಿ ಸಣ್ಣ ಅಂಗಡಿಯವರಿಗೆಂದೇ 2018ರಿಂದ ಬೇರೆ ಆ್ಯಪ್ ಇದೆ. ಅದರಲ್ಲಿ ಬಾಟಲಿಯ ಫೋಟೋ, ದರ, ತೂಕ ಎಲ್ಲ ಜೋಡಿಸಿಡಬಹುದು. ತೂಕದ ಜಾಗದಲ್ಲಿ ‘ಸುಮಾರು ಮೂವತ್ತು ಮಿಡಿ’ ಎಂದು ಹಾಕಲು ಅತ್ತಿಗೆ ಹೇಳಿದಳು. ಹಾಕಿದೆ. ಮರುದಿನವೇ ‘ಎಷ್ಟು ಗ್ರಾಂ?’ ಎಂದು ಆರು ಜನ ಕೇಳಿದರು. ಈಗ ಎರಡನ್ನೂ ಹಾಕುತ್ತೇವೆ. ಆಹಾರ ಸುರಕ್ಷತೆಯವರ ನೋಂದಣಿಯೂ ಆಯಿತು. ನಮ್ಮಂಥ ಸಣ್ಣವರಿಗೆ ಅದರ ಶುಲ್ಕ ವರ್ಷಕ್ಕೆ 100 ರೂಪಾಯಿ. ಬಾಟಲಿಯ ಮೇಲೆ ಹಾಕಲು ಹದಿನಾಲ್ಕು ಅಂಕಿಯ ಸಂಖ್ಯೆಯೊಂದು ಸಿಗುತ್ತದೆ. ಅರ್ಜಿಯಲ್ಲಿ ಯಾರ ಹೆಸರು ಎನ್ನುವಲ್ಲಿ ಮನೆಯಲ್ಲಿ ಸ್ವಲ್ಪ ಹೊತ್ತು ಮಾತು ನಿಂತಿತು. ಅಣ್ಣ ತನ್ನ ಆಧಾರ್ ಕಾರ್ಡ್ ತರಲು ಎದ್ದಿದ್ದ, ಕೆಟ್ಟ ಮನಸ್ಸಿನಿಂದಲ್ಲ, ರೂಢಿಯಿಂದ. ತೋಟ ಅವನ ಹೆಸರಿನಲ್ಲಿ, ಅಡಿಕೆ ಮಾರಿದ ಹಣ ಬರುವುದು ಅವನ ಖಾತೆಗೆ, ಗ್ಯಾಸಿನ ಬುಕ್ಕಿಂಗ್ ಕೂಡ ಅವನ ನಂಬರಿನಿಂದ. ‘ಉಪ್ಪಿನಕಾಯಿ ಹಾಕೋದು ನಾನಲ್ವಾ?’ ಎಂದಳು ಅತ್ತಿಗೆ, ಒಲೆಯ ಕಡೆ ಮುಖ ಮಾಡಿಕೊಂಡೇ. ಹಾಗೆ ಅವಳ ಹೆಸರು ಬಿತ್ತು, ಅವಳದೇ ಖಾತೆ ಚಾಲ್ತಿಗೆ ಬಂತು. ಯುಪಿಐಯಲ್ಲಿ ದುಡ್ಡು ಬಿದ್ದಾಗ ಫೋನು ಮಾಡುವ ಸದ್ದನ್ನು ಅವಳು ಅಡುಗೆಮನೆಯಲ್ಲಿ ಕುಕ್ಕರಿನ ಸೀಟಿಯ ನಡುವೆಯೂ ಗುರುತಿಸುತ್ತಾಳೆ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ, ಮಗಳ ಹಾಸ್ಟೆಲ್ ಫೀಸನ್ನು ಯಾರ ಹತ್ತಿರವೂ ಹೇಳದೆ ತಾನೇ ಕಟ್ಟಿದ್ದು 2021ರಲ್ಲಿ. ಅಣ್ಣನಿಗೆ ರಸೀದಿ ತೋರಿಸಿದ್ದು ಮಾತ್ರ ಎರಡು ದಿನದ ನಂತರ.

ಗಿರಾಕಿಗಳ ಜೊತೆ ಮಾತಾಡುವುದು ನನ್ನ ಪಾಲಿಗೆ ಬಂದಿತ್ತು. ಅಪ್ಪೆಮಿಡಿ ಗೊತ್ತಿಲ್ಲದವರ ಪ್ರಶ್ನೆಗಳು ಹೆಚ್ಚೂಕಡಿಮೆ ಒಂದೇ. ಎಣ್ಣೆಯೇ ಇಲ್ಲವಲ್ಲ, ಕೆಡುವುದಿಲ್ಲವೇ? ಮಿಡಿ ಹೀಗೆ ಮುದುಡಿಕೊಂಡಿದೆಯಲ್ಲ, ಹಳೆಯದೇ? ತೊಟ್ಟು ಯಾಕೆ ತೆಗೆದಿಲ್ಲ? ನಾನು ಉದ್ದುದ್ದ ಬರೆಯುತ್ತಿದ್ದೆ. ಮಿಡಿಯನ್ನು ಉಪ್ಪಿನೊಂದಿಗೆ ಪದರ ಪದರವಾಗಿ ಜಾಡಿಗೆ ತುಂಬಿ, ಮೇಲೆ ಕಲ್ಲು ಹೇರಿ, ವಾರಗಟ್ಟಲೆ ಬಿಡುತ್ತೇವೆ, ಅದು ನೀರು ಬಿಟ್ಟು ಚಿರುಟುತ್ತದೆ, ಆ ಉಪ್ಪುನೀರನ್ನೇ ಕುದಿಸಿ ಆರಿಸಿ ಬ್ಯಾಡಗಿ ಮೆಣಸು, ಸಾಸಿವೆ, ಅರಿಸಿನ ಅರೆಯಲು ಬಳಸುತ್ತೇವೆ, ಎಣ್ಣೆಯ ಕೆಲಸವನ್ನು ಇಲ್ಲಿ ಉಪ್ಪು, ಸೊನೆ ಮಾಡುತ್ತವೆ ಎಂದು. ಓದಿದವರು ಒಂದು ಹೆಬ್ಬೆರಳಿನ ಚಿತ್ರ ಕಳಿಸಿ ಸುಮ್ಮನಾಗುತ್ತಿದ್ದರು. ಒಮ್ಮೆ ಕೆಲಸದ ಒತ್ತಡದಲ್ಲಿದ್ದಾಗ, ಪ್ರಶ್ನೆಯನ್ನು ಹಾಗೇ ಅತ್ತಿಗೆಗೆ ದಾಟಿಸಿದೆ. ಅವಳಿಗೆ ಟೈಪ್ ಮಾಡಲು ಬೇಸರ, ಮೈಕಿನ ಗುರುತು ಒತ್ತಿ ಮಾತಾಡಿ ಕಳಿಸಿದಳು. ಎರಡು ನಿಮಿಷದ ಮಾತು. ಹಿಂದೆ ಕೋಳಿ ಕೂಗುತ್ತದೆ, ಯಾರೋ ನೀರು ಸುರಿಯುತ್ತಾರೆ, ನಡುವೆ ಅವಳೇ ‘ಏ, ಆ ದನ ಅಟ್ಟು’ ಎಂದು ಯಾರಿಗೋ ಕೂಗಿ ಮತ್ತೆ ಉಪ್ಪಿನಕಾಯಿಗೆ ಬರುತ್ತಾಳೆ. ಅದನ್ನು ಹಾಗೇ ಗಿರಾಕಿಗೆ ಕಳಿಸಿದೆ.

ಅವತ್ತಿನಿಂದ ನನ್ನ ಬರವಣಿಗೆ ನಿಂತಿತು. ಜನ ಅವಳ ದನಿಗೆ ದನಿಯಲ್ಲೇ ಉತ್ತರ ಕೊಡತೊಡಗಿದರು. ಅರವತ್ತು ದಾಟಿದ ಒಬ್ಬರು, ಸಾಗರದ ಕಡೆಯವರು, ಮೂವತ್ತು ವರ್ಷದಿಂದ ದೇಶದ ಹೊರಗಿದ್ದವರು, ಬಾಟಲಿ ತಲುಪಿದ ಮೇಲೆ ಹೇಳಿ ಕಳಿಸಿದ್ದರು: ಉಪ್ಪಿನಕಾಯಿ ಚೆನ್ನಾಗಿದೆ ತಂಗೀ, ಆದರೆ ನಿನ್ನ ಆ ಹಿಂದಿನ ಮೆಸೇಜು ಇದೆಯಲ್ಲ, ದನ ಅಟ್ಟು ಅಂತೀಯಲ್ಲ, ಅದನ್ನು ನನ್ನ ಹೆಂಡತಿಗೆ ಮೂರು ಸಲ ಕೇಳಿಸಿದೆ. ಅತ್ತಿಗೆಗೆ ನಾಚಿಕೆಯಾಯಿತು. ‘ಆ ದನದ ಸುದ್ದಿ ಅಲ್ಲಿವರೆಗೂ ಹೋತಾ?’ ಎಂದಳು.

ಮಾರ್ಕೆಟಿಂಗ್ ಹೇಳಿಕೊಡುವವರು ಇದಕ್ಕೆ ‘ಬ್ರ್ಯಾಂಡಿನ ದನಿ’ ಎಂಬ ಹೆಸರಿಟ್ಟು ಅರ್ಧ ದಿನದ ಪಾಠ ಮಾಡುತ್ತಾರೆ. ನಮ್ಮ ಕರಾವಳಿ, ಮಲೆನಾಡಿನ ರೈತರಿಗೆ ಇದು ಮೊದಲೇ ಗೊತ್ತಿತ್ತು ಎಂದು ನನಗನ್ನಿಸುತ್ತದೆ. ಪುತ್ತೂರಿನಿಂದ 1988ರಲ್ಲಿ ಶುರುವಾದ ‘ಅಡಿಕೆ ಪತ್ರಿಕೆ’ ಕೃಷಿಕರ ಕೈಗೇ ಪೆನ್ನು ಕೊಟ್ಟಿತು. ತಾವು ಬೆಳೆದದ್ದನ್ನು, ಮಾಡಿದ್ದನ್ನು ಅವರೇ ಬರೆದರು. ಓದಿದವರು ಬರೆದವರನ್ನು ಹುಡುಕಿಕೊಂಡು ಹೋದರು. ನಮ್ಮ ಅಪ್ಪ ಹಾಗೆ ಓದಿ, ಹೋಗಿ ತಂದ ಕಾಳುಮೆಣಸಿನ ಬಳ್ಳಿ ಇನ್ನೂ ತೋಟದಲ್ಲಿದೆ. ಬಳ್ಳಿ ಕೊಟ್ಟವರ ಮನೆಯಲ್ಲಿ ಊಟ ಮಾಡಿದ್ದನ್ನೂ ಅಪ್ಪ ಹೇಳುತ್ತಿದ್ದರು. ಫೋನು ಆ ದಾರಿಯನ್ನು ಹತ್ತಿರ ಮಾಡಿತು, ಊಟವನ್ನು ಬಿಟ್ಟಿತು.

ವಾಟ್ಸ್ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಗೆ ಒಂದು ನಿಯಮವಿದೆ. ಒಂದು ಪಟ್ಟಿಯಲ್ಲಿ 256 ಜನರಿಗಿಂತ ಹೆಚ್ಚು ಇರುವಂತಿಲ್ಲ, ಮತ್ತು ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ಈ ನಿಯಮ ನನಗೆ ಬಹಳ ಹಿಡಿಸಿತು. ನಾವು ಎಷ್ಟೇ ಕೂಗಿದರೂ ಅವರು ನಮಗೊಂದು ಹೆಸರಿಟ್ಟು ಒಳಗೆ ಕೂರಿಸಿಕೊಂಡಿರಬೇಕು. ಯಾರ್ಯಾರು ಏನೇನು ಹೆಸರಿಟ್ಟಿದ್ದಾರೆ ಎಂದು ಒಮ್ಮೆ ಸುಮ್ಮನೆ ಕೇಳಿದೆ. ‘ಮಿಡಿ ಅತ್ತಿಗೆ’, ‘ಶಿರಸಿ ಪಿಕಲ್’, ‘ಉಪ್ಪಿನಕಾಯಿ ಅಕ್ಕ’, ಒಬ್ಬರಂತೂ ಬರೀ ‘ಆಯಿ’. ಆ ಕೊನೆಯದನ್ನು ಅತ್ತಿಗೆಗೆ ಹೇಳಿದಾಗ ಅವಳು ಏನೂ ಅನ್ನಲಿಲ್ಲ. ಮುಂದಿನ ಸಲ ಅವರ ಪಾರ್ಸೆಲ್ಲಿನಲ್ಲಿ ಒಂದು ಪೊಟ್ಟಣ ಹಪ್ಪಳ ಹೆಚ್ಚಿಗೆ ಹೋಯಿತು. ಕೊಸರು.

ಇನ್‌ಸ್ಟಾಗ್ರಾಮಿನ ಕತೆ ಬೇರೆ. ಟಿಕ್‌ಟಾಕ್ ನಿಷೇಧವಾದ ಕೆಲವೇ ದಿನಗಳಲ್ಲಿ, 2020ರ ಜುಲೈಯಲ್ಲಿ, ಇಲ್ಲಿ ರೀಲ್ಸ್ ಬಂತು. ನಮ್ಮ ಪುಟ್ಟ ಖಾತೆಯಲ್ಲಿ ಎರಡು ವರ್ಷ ಏನೂ ಆಗಲಿಲ್ಲ. ಮೂರನೆಯ ವರ್ಷ ಅತ್ತಿಗೆಯ ಮಗಳು ರಜೆಗೆ ಬಂದವಳು ಒಂದು ವಿಡಿಯೋ ತೆಗೆದಳು. ಮಾತಿಲ್ಲ, ಹಾಡಿಲ್ಲ. ಮರ ಹತ್ತಿದವನು ಬುಟ್ಟಿಯನ್ನು ಹಗ್ಗದಲ್ಲಿ ಮೆಲ್ಲಗೆ ಇಳಿಸುತ್ತಾನೆ, ಅತ್ತಿಗೆ ಒಂದೊಂದೇ ಮಿಡಿಯನ್ನು ತೊಟ್ಟು ಹಿಡಿದು ತೆಗೆದು, ಏಟು ಬಿದ್ದದ್ದನ್ನು ಬದಿಗಿಡುತ್ತಾಳೆ, ಆಮೇಲೆ ಹರಳುಪ್ಪು ಸುರಿಯುವ ಸದ್ದು. ಅಷ್ಟೇ. ಅದನ್ನು ಎರಡೂವರೆ ಲಕ್ಷ ಸಲ ಜನ ನೋಡಿದರು. ನಾಲ್ಕು ದಿನದಲ್ಲಿ ಆರುನೂರಕ್ಕೂ ಹೆಚ್ಚು ಮಂದಿ ಬಾಟಲಿ ಕೇಳಿದರು. ಜಾಡಿಯಲ್ಲಿದ್ದದ್ದು ನೂರೆಂಬತ್ತು ಬಾಟಲಿಗಾಗುವಷ್ಟು.

ಆ ವಾರ ಮನೆಯಲ್ಲಿ ನಡೆದ ವಾದ ನನಗೆ ಚೆನ್ನಾಗಿ ನೆನಪಿದೆ. ಪೇಟೆಯಲ್ಲಿ ಮಿಡಿ ಇನ್ನೂ ಸಿಗುತ್ತಿತ್ತು. ಎರಡು ಗೋಣಿ ತಂದು ಹಾಕಿಬಿಡೋಣ, ಬಂದ ಜನ ಮತ್ತೆ ಬರುವುದಿಲ್ಲ ಎಂದು ನಾನೆಂದೆ. ಲೆಕ್ಕದಲ್ಲಿ ತಪ್ಪೇನಿರಲಿಲ್ಲ. ಹೊಸ ಗಿರಾಕಿಯೊಬ್ಬ ಬಾಗಿಲವರೆಗೆ ಬರುವುದೇ ಕಷ್ಟದ ಕಾಲ ಇದು. ಅಣ್ಣನೂ ನನ್ನ ಕಡೆಗಿದ್ದ. ಅತ್ತಿಗೆ ಒಪ್ಪಲಿಲ್ಲ. ಪೇಟೆಯ ಗೋಣಿಯಲ್ಲಿ ಹತ್ತು ಮರದ ಮಿಡಿ ಸೇರಿರುತ್ತದೆ, ಯಾವುದು ಎಷ್ಟು ದಿನ ಗಟ್ಟಿ ನಿಲ್ಲುತ್ತದೆ ಗೊತ್ತಾಗುವುದಿಲ್ಲ, ಏಟು ಬಿದ್ದ ಒಂದು ಮಿಡಿ ಮೆತ್ತಗಾದರೆ ಇಡೀ ಜಾಡಿ ಹೋಗುತ್ತದೆ ಎಂಬುದು ಅವಳ ವಾದ. ‘ನಂಬಿ ತಗಂಡವ್ರಿಗೆ ಎಂತ ಹೇಳದು?’ ಎಂದಳು. ಇದ್ದದ್ದನ್ನು ಮೊದಲು ಹಳೆಯ ಪಟ್ಟಿಯವರಿಗೆ, ಮನೆಗೊಂದರಂತೆ. ಉಳಿದವರಿಗೆ? ‘ಮುಗ್ದೋತು ಹೇಳಿ ಹಾಕು.’

ಹಾಕಿದೆ. ನಾನೂರು ಜನರಿಗೆ ಇಲ್ಲ ಎಂದು ಹೇಳುವುದೂ ಒಂದು ಕೆಲಸ. ಕೆಲವರು ಸಿಟ್ಟಾದರು, ಮಾಲು ಇಲ್ಲದಿದ್ದರೆ ವಿಡಿಯೋ ಯಾಕೆ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ.

ಅದೇ ಬೇಸಿಗೆಯಲ್ಲಿ ಪಕ್ಕದೂರಿನ ಹೊಳೆಯಂಚಿನ ಮರವೊಂದಕ್ಕೆ ಆದದ್ದನ್ನು ಹೇಳಬೇಕು. ಅಪ್ಪೆ ಮರಗಳು ಹೆಚ್ಚಾಗಿ ತೋಟದವಲ್ಲ. ಅಘನಾಶಿನಿ, ಶರಾವತಿ, ವರದಾ, ಬೇಡ್ತಿ ಇವುಗಳ ದಂಡೆಯಲ್ಲಿ, ಹಳ್ಳದ ಬದಿಯಲ್ಲಿ ತಾವಾಗಿಯೇ ಎದ್ದವು. ಎತ್ತರದ ಮರ, ಮಿಡಿ ಬಿಡುವುದು ತುದಿಯಲ್ಲಿ, ಅದೂ ಪ್ರತಿ ವರ್ಷ ಬಿಡುತ್ತದೆಂಬ ಭರವಸೆಯಿಲ್ಲ. ಹತ್ತಿ ಕೊಯ್ಯಬಲ್ಲವರು ಊರಿಗೆ ಇಬ್ಬರು ಮೂವರು. ಆ ವರ್ಷ ಹೊರಗಿನಿಂದ ಗುತ್ತಿಗೆಗೆ ಬಂದವರು ಹತ್ತುವ ಗೋಜಿಗೇ ಹೋಗದೆ ಕೊಂಬೆಗಳನ್ನೇ ಕಡಿದು ಕೆಡವಿ, ನೆಲದಲ್ಲಿ ಕೂತು ಮಿಡಿ ಬಿಡಿಸಿಕೊಂಡು ಹೋದರು. ನಾನು ಊರಿಗೆ ಹೋದಾಗ ನೋಡಿದೆ, ಛತ್ರಿಯ ಬಟ್ಟೆ ಕಿತ್ತು ಕಡ್ಡಿ ಉಳಿಸಿದ ಹಾಗೆ ನಿಂತಿತ್ತು. ನಮ್ಮ ವಿಡಿಯೋಗೂ ಆ ಮರಕ್ಕೂ ಸಂಬಂಧವಿದೆ ಎಂದು ನಾನು ಹೇಳಲಾರೆ. ಇಂಥ ಕೊಯ್ಲು ಫೋನು ಬರುವ ಮೊದಲೂ ಇತ್ತು. ಆದರೆ ಬೇಡಿಕೆ ಹೆಚ್ಚಿದಾಗ ಅದು ಕೊನೆಗೆ ಹೋಗಿ ತಾಗುವುದು ಯಾವ ಕೊಂಬೆಗೆ ಎಂದು ಫೋನಿನ ಪರದೆಯಲ್ಲಿ ಕಾಣುವುದಿಲ್ಲ ಎಂಬುದಂತೂ ನಿಜ. ಅಲ್ಲಿ ಕಾಣುವುದು ಏರುತ್ತಿರುವ ಗೆರೆ ಮಾತ್ರ. ದಿನಾ ಏನಾದರೂ ಹಾಕಿ ಎನ್ನುತ್ತದೆ ಇನ್‌ಸ್ಟಾಗ್ರಾಂ, ಹಾಕದಿದ್ದರೆ ಮರೆಯುತ್ತದೆ. ಮರಕ್ಕೆ ದಿನಾ ಹಾಕಲು ಏನಿದೆ?

ಇದಾದ ಮೇಲೆ ಅತ್ತಿಗೆ ಎರಡು ಕೆಲಸ ಮಾಡಿದಳು. ಒಂದು, ವಿಡಿಯೋ ಹಾಕುವುದು ಉಪ್ಪಿನಕಾಯಿ ಬಾಟಲಿಗೆ ಇಳಿದ ಮೇಲೆ, ಎಷ್ಟಿದೆ ಎಂದು ಬರೆದೇ. ಇನ್ನೊಂದು, ಉಪ್ಪಿನಕಾಯಿಯ ದುಡ್ಡಿನಲ್ಲಿ ಇಪ್ಪತ್ತು ಕಸಿ ಗಿಡ ತಂದಳು. ‘ಅನಂತ ಭಟ್ಟನ ಅಪ್ಪೆ’ ನಾಲ್ಕು, ಜೀರಿಗೆ ಪರಿಮಳದ್ದು ಆರು, ಉಳಿದವು ನಮ್ಮದೇ ಹಳ್ಳದ ಮರದ ಕಡ್ಡಿ ಕೊಟ್ಟು ಕಸಿ ಕಟ್ಟಿಸಿದ್ದು. ಮಿಡಿ ಬಿಡಲು ವರ್ಷಗಳು ಬೇಕು. ಬೆಟ್ಟದ ಬದಿಯಲ್ಲಿ ಗುಂಡಿ ತೋಡಿಸಿ ನೆಟ್ಟಳು. ನೆಟ್ಟ ದಿನ ಒಂದೊಂದರದ್ದೂ ಫೋಟೋ ತೆಗೆಸಿ ಪಟ್ಟಿಯವರಿಗೆ ಕಳಿಸು ಎಂದಳು. ಮಾರಲು ಏನೂ ಇಲ್ಲದೆ ಸಂದೇಶ ಕಳಿಸುವುದೇ ಎಂದು ನನಗೆ ಅನುಮಾನವಿತ್ತು, ಕಳಿಸಿದೆ.

ಕಳೆದ ಮಳೆಗಾಲದಲ್ಲಿ ಏಳನೆಯ ಗಿಡವನ್ನು ದನ ತಿಂದಿತು. ಧ್ವನಿ ಸಂದೇಶದಲ್ಲಿ ಸಾಗರದವರ ಹೆಂಡತಿಯವರೆಗೂ ಹೋಗಿದ್ದ ಅದೇ ದನ. ಅತ್ತಿಗೆ ಬೋಳಾದ ಕಡ್ಡಿಯ ಫೋಟೋ ಹಾಕಿ ಎರಡು ಮಾತು ಬೈದು ಕಳಿಸಿದಳು. ಉಪ್ಪಿನಕಾಯಿಯ ಯಾವ ಫೋಟೋಗೂ ಅಷ್ಟು ಉತ್ತರ ಬಂದಿರಲಿಲ್ಲ. ಬೇಲಿ ಹಾಕಿ ಎಂದರು, ಸಗಣಿ ನೀರು ಬಳಿಯಿರಿ ದನ ಮೂಸುವುದಿಲ್ಲ ಎಂದರು, ಬುಡ ಗಟ್ಟಿ ಇದ್ದರೆ ಚಿಗುರುತ್ತದೆ ಸ್ವಲ್ಪ ಕಾಯಿರಿ ಎಂದು ಹುಬ್ಬಳ್ಳಿಯ ನಿವೃತ್ತ ಮೇಷ್ಟ್ರೊಬ್ಬರು ಬರೆದರು. ಅವರು ಈಗಲೂ ತಿಂಗಳಿಗೊಮ್ಮೆ ಏಳನೆಯದು ಹೇಗಿದೆ ಎಂದು ಕೇಳುತ್ತಾರೆ. ಕಸಿ ಕಟ್ಟಿದ ಗಂಟಿನ ಮೇಲೆ ಎರಡು ಎಲೆ ಬಂದಿದೆ ಎಂದು ಮೊನ್ನೆ ಅತ್ತಿಗೆಯೇ ಅವರಿಗೆ ಮಾತಾಡಿ ಕಳಿಸಿದ್ದಾಳೆ. ನನಗೆ ಆ ಸುದ್ದಿ ಗೊತ್ತಾದದ್ದು ಅವರಿಂದ.