ಹದಿಮೂರು ಕಸಬುಗಳ ನಾಡು

ಭೂತಾನಕ್ಕೆ ಹೋಗಬೇಕೆಂಬ ಆಸೆ ನನ್ನದಲ್ಲ, ನನ್ನ ಮನೆಯವರದು. ಆ ನಾಡಿನ ನೇಯ್ಗೆಯ ಚಿತ್ರವೊಂದನ್ನು ಎಲ್ಲಿಯೋ ನೋಡಿದಂದಿನಿಂದ, “ಇದು ಕಸೂತಿಯೋ ನೇಯ್ಗೆಯೋ, ಕಣ್ಣಾರೆ ಕಂಡಲ್ಲದೆ ನಂಬಲಾರೆ” ಎಂದು ಹಟ ಹಿಡಿದಿದ್ದರು. ಆಗಲೆಂದು ಹೊರಟೆವು. ಬಂಗಾಳದ ಬಯಲು ಜಯಗಾಂವಿನಲ್ಲಿ ಮುಗಿಯುವುದು. ಗಡಿಯಾಚೆ ಫುಂಟ್‌ಶೋಲಿಂಗ್, ಅಲ್ಲಿಂದ ಮುಂದೆ ಬರಿಯ ಏರು. ಸುತ್ತುದಾರಿಯಲ್ಲಿ ತಲೆ ತಿರುಗಿ, ನಿಂಬೆಯ ಹಣ್ಣನ್ನು ಮೂಸುತ್ತ, ಸಂಜೆಗೆ ಥಿಂಪುವನ್ನು ಸೇರಿದೆವು.

ಬೆಂಗಳೂರಿನ ಜನರಲ್ಲಿ ಹತ್ತರಲ್ಲೊಂದು ಪಾಲು ಜನರೂ ಇಲ್ಲದ ದೇಶವಿದು. ಆದರೂ ರಾಜಧಾನಿಯ ಹೊಸ ಕಟ್ಟಡಗಳ ಕಿಟಕಿಗಳಿಗೂ ಚಿತ್ತಾರದ ಮರದ ಚೌಕಟ್ಟುಗಳಿರುವುವು. ಇಷ್ಟು ಸ್ವಲ್ಪ ಜನರು ಇಷ್ಟೊಂದು ಕೈಕೆಲಸವನ್ನು ಹೇಗೆ ಪೂರೈಸುವರು? ಅದನ್ನು ಅರಿಯಲು ಮರುದಿನ ಅಲ್ಲಿಯ ಸರಕಾರಿ ಕಲಾಶಾಲೆಗೆ ಹೋದೆವು. ೧೯೭೧ರಲ್ಲಿ ಸ್ಥಾಪಿತವಾದ ಈ ಶಾಲೆಗೆ ‘ಝೋರಿಗ್ ಚುಸುಮ್’ ಎಂಬುದರ ಹೆಸರೇ ಇದೆ. ಹದಿಮೂರು ಕಸಬುಗಳೆಂದು ಅರ್ಥ. ಬಡಗಿತನ, ಕಲ್ಲುಕಟ್ಟಡ, ಕೆತ್ತನೆ, ಚಿತ್ರಕಲೆ, ಮಣ್ಣಿನ ವಿಗ್ರಹ, ಎರಕ, ಕಮ್ಮಾರಿಕೆ, ಅಕ್ಕಸಾಲಿಕೆ, ಬಿದಿರಿನ ಕೆಲಸ, ಕಾಗದ, ಹೊಲಿಗೆ, ನೇಯ್ಗೆ, ಮರದ ಬಟ್ಟಲುಗಳನ್ನು ಕಡೆಯುವುದು—ಇವೇ ಅವು. ಹದಿನೇಳನೆಯ ಶತಮಾನದ ಕೊನೆಯಲ್ಲಿ ಆಳಿದ ತೆಂಜಿನ್ ರಬ್‌ಗ್ಯೆಯ ಕಾಲದಲ್ಲಿ ಇವನ್ನು ಹೀಗೆ ವಿಂಗಡಿಸಿದರೆಂದು ಹೇಳುವರು.

ಒಂದು ಕೋಣೆಯಲ್ಲಿ ಮಣ್ಣಿನ ವಿಗ್ರಹವೊಂದು ಅರ್ಧಕ್ಕೆ ಬಂದಿತ್ತು. ಅದನ್ನು ಮಾಡುವವನು ಮಣ್ಣನ್ನಷ್ಟೇ ನಂಬಿ ಕೂಡುವಂತಿಲ್ಲ. ಮಣ್ಣು ಬಿರಿಯದಿರಲೆಂದು ಬೆರೆಸಿ ಕುಟ್ಟುವ ನಾರು, ಕಾಗದ ಮಾಡುವವರು ಬಳಸುವ ಗಿಡದ ತೊಗಟೆಯದು. ವಿಗ್ರಹದ ಒಳಗಿನ ಬೆನ್ನುಕೋಲು ಮರದ್ದು. ಮೈ ಒಣಗಿದ ಮೇಲೆ ಬಣ್ಣದವನು ಬರುವನು. ಕಣ್ಣು ತೆರೆಯಿಸುವ ಕೆಲಸ ಕಟ್ಟಕಡೆಯದು. ಅನಂತರ ಪೀತಾಂಬರ, ಆಭರಣ! ಇವರಲ್ಲಿ ಒಬ್ಬನು ತಡಮಾಡಿದರೂ ದೇವರು ಕಾಯಬೇಕು. ಇಷ್ಟೆಲ್ಲ ಆದ ಮೇಲೆ ಯಾರೊಬ್ಬರೂ ತಮ್ಮ ಹೆಸರನ್ನು ಬರೆಯುವ ವಾಡಿಕೆ ಹಿಂದೆ ಇರಲಿಲ್ಲ. (ನಮ್ಮಂತಹ ಬರೆಹಗಾರರಿಗೆ ಇದು ಸ್ವಲ್ಪ ಕಷ್ಟವೇ.)

ಚಿತ್ರಕಲೆಯ ವ್ಯಾಸಂಗ ಆರು ವರ್ಷ. ಗೆರೆ, ಅಳತೆ, ಮತ್ತೆ ಗೆರೆ. ಕೊನೆಯ ವರ್ಷದ ಹುಡುಗನೊಬ್ಬನು ಮೋಡದ ಅಂಚನ್ನು ಎಳೆಯುತ್ತಿದ್ದನು. ಇಂಗ್ಲೀಷು ಚೆನ್ನಾಗಿ ಬಲ್ಲನು. ಮಾತಿನ ಕೊನೆಗೆ ‘ಲಾ’ ಎಂದು ಸೇರಿಸುವನು. ನಮ್ಮ ‘ರೀ’ ಎಂಬಂತೆ ಅದು ಮರ್ಯಾದೆಯ ನುಡಿ. “ಮುಂದೇನು ಮಾಡುವಿ, ಮಗು?” ಎಂದು ನನ್ನ ಮನೆಯವರು ಕೇಳಿದರು. “ಅಣ್ಣ ಆಸ್ಟ್ರೇಲಿಯಾದಲ್ಲಿದ್ದಾನೆ, ಬಾ ಎನ್ನುತ್ತಾನೆ. ಅಲ್ಲಿ ಒಂದು ವಾರದ ಸಂಬಳ ಇಲ್ಲಿ ಕೆಲವು ತಿಂಗಳದು, ಲಾ” ಎಂದನು. ಈಚಿನ ವರ್ಷಗಳಲ್ಲಿ ಆ ನಾಡಿನ ತರುಣರು ಸಾವಿರಗಟ್ಟಲೆ ಹಾಗೆ ಹೋಗಿರುವರು. ದೊಡ್ಡ ದೇಶದಲ್ಲಿ ನೂರು ಜನ ಚಿತ್ರಗಾರರು ಹೋದರೆ ಯಾರಿಗೂ ತಿಳಿಯದು. ಇಲ್ಲಿ ಹತ್ತು ಜನರು ಹೋದರೆ ವಿಗ್ರಹದ ಕಣ್ಣು ಮುಚ್ಚಿಯೇ ಇದ್ದೀತು. ಅವನನ್ನು ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ನನ್ನ ಮಗನೂ ಪರದೇಶದಲ್ಲಿಯೇ ಇರುವನು.

ಆ ಕೈಗಳು ಕೂಡಿದರೆ ಏನಾಗುವುದೆಂಬುದನ್ನು ವಾಂಗ್‌ದುವಿನಲ್ಲಿ ಕಂಡೆವು. ಎರಡು ನದಿಗಳ ಸಂಗಮದ ಮೇಲಿನ ಗುಡ್ಡದಲ್ಲಿ ೧೬೩೮ರಲ್ಲಿ ಕಟ್ಟಿದ ಕೋಟೆಯು ೨೦೧೨ನೆಯ ಜೂನ್ ತಿಂಗಳಲ್ಲಿ ಬೆಂಕಿಗೆ ಆಹುತಿಯಾಯಿತು. ನಮ್ಮ ದೇಶವೂ ಹಣದ ನೆರವು ನೀಡಿತು. ಆದರೆ ಹಣವು ತೊಲೆಯನ್ನು ಕೆತ್ತಲಾರದಷ್ಟೆ. ಬಡಗಿಗಳು, ಕಲ್ಲುಕುಟಿಗರು, ಕೆತ್ತನೆಯವರು, ಚಿತ್ರಗಾರರು ವರ್ಷಗಟ್ಟಲೆ ದುಡಿದು ಎತ್ತಿ ನಿಲ್ಲಿಸಿದ ಮೇಲೆ, ೨೦೨೨ರಲ್ಲಿ ಅದರ ಪ್ರತಿಷ್ಠೆಯಾಯಿತು. ಬಡಗಿಯೊಬ್ಬನು ಒಂದು ಕಂಬದ ಕೀಲನ್ನು ತೋರಿಸಿ ಬೆರಳಿನಿಂದ ತಟ್ಟಿದನು. ಮೊಳೆಯಿಲ್ಲ, ಮರವೇ ಮರವನ್ನು ಹಿಡಿದಿರುವುದು. ನಾನು ಆ ಕೀಲಿನೊಳಕ್ಕೆ ಉಗುರು ತೂರಿಸಲು ನೋಡಿದೆನು, ಆಗಲಿಲ್ಲ.

ಹೊಸ ಕಲೆಗಳಿಗೂ ಇದೇ ಅಭ್ಯಾಸ ಒದಗಿಬಂದಿದೆ. ‘ಲುನಾನಾ’ ಎಂಬ ಚಲನಚಿತ್ರವನ್ನು ವಿದ್ಯುತ್ತಿಲ್ಲದ ಎತ್ತರದ ಕಣಿವೆಯಲ್ಲಿ ಸೂರ್ಯಶಕ್ತಿಯ ನೆರವಿನಿಂದ, ಆ ಊರಿನ ಮಕ್ಕಳನ್ನೇ ಕೂಡಿಸಿಕೊಂಡು ತೆಗೆದರು. ಅದು ೨೦೨೨ರ ಆಸ್ಕರ್ ಪಾರಿತೋಷಕಕ್ಕೆ ಹೆಸರಿಸಲ್ಪಟ್ಟಿತು.

ಇನ್ನು ನೇಯ್ಗೆ. ಮಗ್ಗವೆಂದರೆ ನಮ್ಮ ಗುಳಿಮಗ್ಗವಲ್ಲ. ಹೆಂಗಸು ನೆಲದ ಮೇಲೆ ಕುಳಿತು, ಹಾಸಿನ ಒಂದು ತುದಿಯನ್ನು ಪಟ್ಟಿಯಿಂದ ಸೊಂಟಕ್ಕೆ ಬಿಗಿದುಕೊಳ್ಳುವಳು. ಬೆನ್ನು ಬಾಗಿದರೆ ಎಳೆ ಸಡಿಲ, ನೆಟ್ಟಗಾದರೆ ಬಿಗಿ. ಬಣ್ಣದ ಎಳೆಗಳನ್ನು ಬೆರಳಿನಿಂದಲೇ ಹಾಸಿನೊಳಗೆ ಸೇರಿಸಿ ಹೂ ಎಬ್ಬಿಸುವಳು. ‘ಕಿಶುಥಾರಾ’ ಎಂಬ ರೇಷ್ಮೆಯ ಉಡುಗೆಯೊಂದಕ್ಕೆ ಹಲವು ತಿಂಗಳು, ಕೆಲವೊಮ್ಮೆ ವರ್ಷವೇ ಹಿಡಿಯುವುದು. ಅದೇ ಮಾದರಿಯ ಯಂತ್ರದ ಬಟ್ಟೆ ಪೇಟೆಯಲ್ಲಿ ಅಗ್ಗವಾಗಿ ಸಿಗುವುದು. ನನ್ನ ಮನೆಯವರು ಅರ್ಧಗಂಟೆ ಅವಳ ಪಕ್ಕದಲ್ಲಿ ಕುಳಿತು, “ನೇಯ್ಗೆಯೇ ಹೌದು” ಎಂದು ಒಪ್ಪಿಕೊಂಡರು. ಉಡುಗೆಯ ಬೆಲೆಯನ್ನು ಕೇಳಿ ಇಬ್ಬರೂ ಸುಮ್ಮನಾದೆವು. ಅವಳೇ ನೇಯ್ದ ಅಂಗೈಯಗಲದ ಚೀಲವೊಂದನ್ನು ಚೌಕಾಸಿ ಮಾಡದೆ ಕೊಂಡೆವು. ಈಗ ಅದರಲ್ಲಿ ನಮ್ಮ ಮನೆಯ ಬೀಗದಕೈಗಳಿರುವುವು.