ಮುಗಿದ ಚರ್ಚೆಯನ್ನು ಮರಳಿ ಎತ್ತುವ ಮರ್ಯಾದೆ

ಲೋಕದಲ್ಲಿ ವಿವಾದಗಳು ಎರಡು ತೆರನಾಗಿರುವುವು. ಹೊಲದ ಮೇರೆಗಾಗಿಯೋ ಮನೆಯ ಪಾಲಿಗಾಗಿಯೋ ಹುಟ್ಟಿದ ವಿವಾದವು ನ್ಯಾಯಾಧಿಪತಿಯ ತೀರ್ಪಿನೊಡನೆ ಎಂದಾದರೊಂದು ದಿನ ಮುಗಿಯುವುದು. ಆದರೆ ಹೊಟ್ಟೆಯ ಪಾಡಿಗಾಗಿಯಲ್ಲದೆ ಕೇವಲ ಪ್ರೀತಿಯಿಂದ ಶಾಸನಗಳನ್ನೂ ಹಳೆಯ ಕಾವ್ಯಗಳನ್ನೂ ಓದುವ ಜನರಲ್ಲಿ ಹುಟ್ಟಿದ ವಿವಾದಕ್ಕೆ ತೀರ್ಪು ಕೊಡುವ ಪೀಠವೇ ಇಲ್ಲ. ಅದು ಕೆಲವು ಕಾಲ ಉರಿದು, ಬೂದಿ ಮುಚ್ಚಿ ಮಲಗಿರುವುದು; ಇಪ್ಪತ್ತು ಮೂವತ್ತು ವರ್ಷಗಳ ಮೇಲೆ ಯಾರೋ ಒಬ್ಬರು ಬಂದು ಊದಿದರೆ ಮತ್ತೆ ಕೆಂಡವಾಗುವುದು. ಊದುವುದು ತಪ್ಪಲ್ಲ. ಆದರೆ ಊದುವುದಕ್ಕೂ ಒಂದು ಕ್ರಮವುಂಟು. ಅದನ್ನರಿಯದೆ ಊದಿದವನ ಕಣ್ಣಿಗೇ ಬೂದಿ ಬೀಳುವುದು.

ಒಂದು ಜಿಲ್ಲೆಯ ಮುಖ್ಯಪಟ್ಟಣದಲ್ಲಿರುವ ಸಾಹಿತ್ಯಸಂಘದಲ್ಲಿ ಕೆಲವು ವರ್ಷಗಳ ಹಿಂದೆ ನಡೆದ ಸಂಗತಿಯು ಈ ಕ್ರಮವನ್ನು ಚೆನ್ನಾಗಿ ತೋರಿಸಿಕೊಡುವುದು. ಆ ಸಂಘದಲ್ಲಿ ತಿಂಗಳಿಗೊಮ್ಮೆ ಭಾನುವಾರ ಸಂಜೆ ಗೋಷ್ಠಿ ಸೇರುವುದುಂಟು. ಬರುವವರು ಉಪಾಧ್ಯಾಯರು, ವಕೀಲರು, ವೈದ್ಯರು, ನಿವೃತ್ತರಾದ ನೌಕರರು. ವಿದ್ವತ್ತನ್ನೇ ವೃತ್ತಿಯನ್ನಾಗಿ ಮಾಡಿಕೊಂಡವರು ಒಬ್ಬರೂ ಇಲ್ಲ. ಒಬ್ಬರು ಪ್ರಬಂಧವನ್ನೋದುವರು, ಉಳಿದವರು ಮಾತನಾಡುವರು, ಕೊನೆಗೆ ಕಾಫಿಯೊಡನೆ ಸಭೆ ಚದರುವುದು. ಒಳ್ಳೆಯ ಪ್ರಬಂಧಗಳು ಸಂಘದ ಪತ್ರಿಕೆಯಲ್ಲಿ ಅಚ್ಚಾಗಿ, ವರ್ಷಕ್ಕೊಂದು ಸಂಪುಟವಾಗಿ, ವಾಚನಾಲಯದ ಬೀರುವನ್ನು ಸೇರುವುವು.

ಆ ಭಾನುವಾರ ಪ್ರಬಂಧವನ್ನು ಓದಿದವರು ಒಬ್ಬ ತರುಣ ವಕೀಲರು. ವಿಷಯವು ಗ್ರೀಕ್ ಪ್ರಹಸನದಲ್ಲಿ ಕನ್ನಡವಿದೆಯೇ ಎಂಬುದು. ಈಜಿಪ್ಟ್ ದೇಶದ ಆಕ್ಸಿರಿಂಕಸ್ ಎಂಬಲ್ಲಿ ಮರಳಿನಡಿಯಿಂದ ದೊರೆತ ಪಪೈರಸ್ ಹಾಳೆಗಳಲ್ಲಿ ಕ್ರಿಸ್ತಶಕ ಎರಡನೆಯ ಶತಮಾನದ್ದೆನ್ನುವ ಒಂದು ಪ್ರಹಸನವಿದ್ದು, ಅದು 1903ರಲ್ಲಿ ಅಚ್ಚಾಯಿತು. ಅದರಲ್ಲಿ ಖಾರಿಟಿಯನ್ ಎಂಬ ಗ್ರೀಕ್ ತರುಣಿಯು ಹಿಂದೂಮಹಾಸಾಗರದ ತೀರದ ಒಬ್ಬ ಅರಸನ ವಶದಲ್ಲಿರುವಳು. ಅವಳ ಕಡೆಯವರು ಅರಸನಿಗೂ ಅವನ ಪರಿವಾರಕ್ಕೂ ಮದ್ಯವನ್ನು ಕುಡಿಸಿ ಅವಳನ್ನು ಪಾರುಮಾಡುವರು. ಅರಸನ ಜನರಾಡುವ ಮಾತುಗಳು ಗ್ರೀಕ್ ಅಕ್ಷರಗಳಲ್ಲಿದ್ದರೂ ಗ್ರೀಕ್ ಅಲ್ಲ. ಅವು ಕನ್ನಡವಾಗಿರಬಹುದೆಂದು 1904ರಲ್ಲಿ ಜರ್ಮನ್ ವಿದ್ವಾಂಸರಾದ ಹುಲ್ಟ್ಸ್ ಅವರು ಸೂಚಿಸಿದರು. ಮೈಸೂರಿನ ಆರ್. ಶಾಮಶಾಸ್ತ್ರಿಗಳು ಆ ಪಕ್ಷವನ್ನು ಮುಂದುವರಿಸಿದರು. 1926ರಲ್ಲಿ ಬಾರ್ನೆಟ್ ಅವರು ಅದನ್ನು ಖಂಡಿಸಿದರು. ಅಂದಿನಿಂದ ಇಂದಿನವರೆಗೆ ಕನ್ನಡನಾಡಿನಲ್ಲಿ ಈ ಚರ್ಚೆಯು ಎಷ್ಟು ಬಾರಿ ಮಲಗಿ ಎಷ್ಟು ಬಾರಿ ಎದ್ದಿತೆಂಬುದನ್ನು ಎಣಿಸುವುದು ಕಷ್ಟ.

ತರುಣರು ವಾಚನಾಲಯದಲ್ಲಿ ಮೂವತ್ತೆರಡು ವರ್ಷಗಳ ಹಿಂದಿನ ಸಂಪುಟವನ್ನು ತೆಗೆದು, ಅದರಲ್ಲಿದ್ದ ಒಂದು ಲೇಖನವನ್ನು ಹಿಡಿದು ಖಂಡಿಸಿದ್ದರು. ಆ ಲೇಖನದ ಕರ್ತೃಗಳು ಪಪೈರಸ್ಸಿನ ಮಾತುಗಳನ್ನು ಈಗಿನ ಕನ್ನಡದ ರೂಪಗಳೊಡನೆ ಹೋಲಿಸಿ ಅರ್ಥ ಹೇಳಿದ್ದರು. ಅವರು ತೋರಿಸಿದ ಪದಗಳಲ್ಲಿ ಹಲವು ಹಕಾರದಿಂದ ಆರಂಭವಾಗುವಂಥವು. ಹಾಲು ಎಂಬುದು ಹಿಂದೆ ಪಾಲ್ ಆಗಿತ್ತು, ಹೂವು ಎಂಬುದು ಪೂ ಆಗಿತ್ತು. ಪಕಾರವು ಹಕಾರವಾಗಿ ತಿರುಗತೊಡಗಿದ್ದು ಹತ್ತನೆಯ ಶತಮಾನದ ಸುಮಾರಿನಲ್ಲಿ. ಅಂದಮೇಲೆ ಎರಡನೆಯ ಶತಮಾನದ ಹಾಳೆಯಲ್ಲಿ ಇಂದಿನ ಹಕಾರದ ಪದಗಳನ್ನು ಕಾಣುವುದು ಹೇಗೆ? ವಾದವು ಬಲವಾಗಿತ್ತು. ಆದರೆ ವಕೀಲರು ಅಷ್ಟಕ್ಕೆ ನಿಲ್ಲಲಿಲ್ಲ. ಹಳೆಯ ಲೇಖಕರ ಹೆಸರನ್ನು ಮೂರು ಬಾರಿ ಎತ್ತಿ, ಮೂರು ಬಾರಿಯೂ ಸಭೆಯನ್ನು ನಗಿಸಿದರು. ಅವರು ತೀರಿಕೊಂಡು ಬಹಳ ಕಾಲವಾಗಿರಬೇಕೆಂದು ಈ ತರುಣರ ಎಣಿಕೆ.

ಆ ಲೇಖಕರು ಹಿಂದಿನ ಸಾಲಿನಲ್ಲಿ ಮೊಮ್ಮಗಳ ಪಕ್ಕದಲ್ಲಿ ಕುಳಿತಿದ್ದರು. ಅಂಚೆಕಚೇರಿಯ ಅಧಿಕಾರಿಯಾಗಿದ್ದು ನಿವೃತ್ತರಾದ, ಎಂಬತ್ತನ್ನು ದಾಟಿದ ವೃದ್ಧರು. ಮಂಡಿನೋವಿನಿಂದ ಗೋಷ್ಠಿಗೆ ಬರುವುದನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದುವು. ವಿಷಯದ ಹೆಸರನ್ನು ಆಮಂತ್ರಣದಲ್ಲಿ ಕಂಡು, ಮನಸ್ಸು ತಡೆಯದೆ, ಅಂದು ಬಂದಿದ್ದರು. ಕಾರ್ಯದರ್ಶಿಗಳು ಅವರನ್ನು ಗುರುತಿಸಿ ಮುಖ ಬಾಡಿಸಿದರು. ಹಿರಿಯ ಸದಸ್ಯರೊಬ್ಬರು ತರುಣರ ಮೇಲೆ ಸಿಟ್ಟಾಗಿ ಎದ್ದು, “ಇದೆಲ್ಲ ಮೂವತ್ತು ವರ್ಷದ ಹಿಂದೆಯೇ ಮುಗಿದುಹೋದ ಮಾತು. ಬರಿಯ ಪಿಷ್ಟಪೇಷಣ! ಬೀಸಿದ ಹಿಟ್ಟನ್ನೇ ಎಷ್ಟು ಸಲ ಬೀಸುತ್ತೀರಿ?” ಎಂದು ಗದರಿಸಿದರು.

ಆಗ ವೃದ್ಧರು ಕೋಲನ್ನೂರಿ ಎದ್ದು, ಮಾರನೆಯ ವರ್ಷದ ಸಂಪುಟವನ್ನು ತರಿಸಬೇಕೆಂದು ಅಧ್ಯಕ್ಷರನ್ನು ಕೇಳಿಕೊಂಡರು. ಸಂಪುಟ ಬಂದಿತು. ಅದರ ಕೊನೆಯ ಪುಟಗಳಲ್ಲಿ ಅರ್ಧ ಪುಟದಷ್ಟು ಒಂದು ಪತ್ರವಿತ್ತು. ಹಳ್ಳಿಯೊಂದರ ಪ್ರಾಥಮಿಕ ಶಾಲೆಯ ಉಪಾಧ್ಯಾಯರು, ಪಕಾರ ಹಕಾರಗಳ ಇದೇ ಆಕ್ಷೇಪವನ್ನು ವಿನಯದಿಂದ ಎತ್ತಿ ಬರೆದಿದ್ದರು. ಅದರ ಕೆಳಗೇ ಎರಡು ಸಾಲಿನಲ್ಲಿ ಮೂಲ ಲೇಖಕರು ಆಕ್ಷೇಪವನ್ನೊಪ್ಪಿ, ತಮ್ಮ ಅರ್ಥಗಳನ್ನು ಹಿಂತೆಗೆದುಕೊಂಡಿದ್ದರು.

ವೃದ್ಧರು ಹೇಳಿದ ಮಾತು ಇಷ್ಟೇ: “ವಕೀಲರೇ, ನೀವು ನನ್ನ ತಪ್ಪನ್ನು ಸರಿಯಾಗಿಯೇ ತೋರಿಸಿದಿರಿ. ನನ್ನನ್ನು ನೋಡಿ ನಕ್ಕದ್ದಕ್ಕೆ ಬೇಸರವಿಲ್ಲ. ಅದನ್ನು ಬರೆದವನೇ ನಾನು. ಆದರೆ ಈ ತಪ್ಪನ್ನು ಮೊದಲು ಕಂಡವರು ಆ ಮೇಷ್ಟರು. ಅವರು ಹೋಗಿ ಇಪ್ಪತ್ತು ವರ್ಷವಾಯಿತು. ಅವರ ಜೀವಮಾನದಲ್ಲಿ ಅಚ್ಚಾದ ಬರವಣಿಗೆ ಈ ಅರ್ಧ ಪುಟವೊಂದೇ. ಇವತ್ತು ಅದೂ ಅವರದಲ್ಲವೆಂದಾಯಿತಲ್ಲ, ಅದೊಂದೇ ಸಂಕಟ.”

ಸಭೆಯಲ್ಲಿ ಯಾರೂ ಮಾತನಾಡಲಿಲ್ಲ. ತರುಣರು ಕೈಯಲ್ಲಿದ್ದ ಕಾಗದಗಳನ್ನು ಮಡಿಸಿದರು. ಆದರೆ ವೃದ್ಧರು ಕುಳಿತುಕೊಳ್ಳದೆ, ಸಿಟ್ಟಾಗಿದ್ದ ಹಿರಿಯರ ಕಡೆಗೆ ತಿರುಗಿದರು. “ಮುಗಿದುಹೋಯಿತೆಂದು ತಾವು ಹೇಳಬಾರದಾಗಿತ್ತು ರಾಯರೇ. ಇವರ ಪ್ರಬಂಧದ ಕೊನೆಯಲ್ಲಿ ಒಂದು ಹೊಸ ಮಾತಿದೆ. ಗ್ರೀಕ್ ನಾಟಕಕಾರ ಅರಿಸ್ಟೋಫೆನೀಸ್ ಕ್ರಿಸ್ತಪೂರ್ವ 425ರ ‘ಅಕಾರ್ನಿಯನ್ಸ್’ ಎಂಬ ಪ್ರಹಸನದಲ್ಲಿ ಪಾರಸಿಕ ದೂತನೊಬ್ಬನ ಬಾಯಲ್ಲಿ ಅರ್ಥವಾಗದ ಮಾತನ್ನು ಆಡಿಸಿ ನಗಿಸಿದ್ದಾನಂತೆ. ಅದು ನಿಜವಾದ ಪಾರಸಿಯೋ ಬರಿಯ ಗಲಿಬಿಲಿಯೋ ಎಂದು ಇನ್ನೂ ಚರ್ಚೆಯಂತೆ. ಈ ಹೋಲಿಕೆ ನಮ್ಮ ಕಾಲದಲ್ಲಿ ಇಲ್ಲಿ ಯಾರಿಗೂ ಹೊಳೆಯಲಿಲ್ಲ. ಅದನ್ನು ಬರೆಯಲಿ. ನಾನು ಓದುವಷ್ಟು ದಿನ ಇರುತ್ತೇನೆ.”

ಈ ಸಂಗತಿಯಲ್ಲಿ ತಪ್ಪು ಒಬ್ಬರದೇ ಅಲ್ಲವೆಂಬುದು ವಿವೇಕಿಗಳಾದ ವಾಚಕರಿಗೆ ತಿಳಿದೇ ಇರುವುದು. ತರುಣರದೊಂದು, ಹಿರಿಯರದೊಂದು. ಎರಡಕ್ಕೂ ಪೂರ್ವಿಕರ ಶಾಸ್ತ್ರದಲ್ಲಿ ಹೆಸರುಗಳಿವೆ.

ಗೌತಮಮಹರ್ಷಿಗಳ ನ್ಯಾಯಶಾಸ್ತ್ರವು ಮಾತುಕತೆಯನ್ನು ವಾದ, ಜಲ್ಪ, ವಿತಂಡಾ ಎಂದು ಮೂರಾಗಿ ವಿಂಗಡಿಸುವುದು. ತತ್ತ್ವವನ್ನು ತಿಳಿಯಬೇಕೆಂಬವರ ಮಾತು ವಾದ, ಗೆಲ್ಲಬೇಕೆಂಬವರದು ಜಲ್ಪ, ತನ್ನದೊಂದು ಪಕ್ಷವೇ ಇಲ್ಲದೆ ಪರರದನ್ನು ಕೆಡಹುವುದೇ ವಿತಂಡಾ. ಮಾತನಾಡುವವನು ಸೋತನೆನ್ನಿಸುವ ಇಪ್ಪತ್ತೆರಡು ನಿಗ್ರಹಸ್ಥಾನಗಳನ್ನೂ ಆ ಶಾಸ್ತ್ರವು ಎಣಿಸಿದೆ. ಅವುಗಳಲ್ಲಿ ಅನನುಭಾಷಣವೆಂಬುದು ಒಂದು: ಎದುರಾಳಿಯು ಹೇಳಿ, ಸಭೆಯು ತಿಳಿದುಕೊಂಡ ಮಾತನ್ನು ಮರಳಿ ಹೇಳಲಾರದವನು ಉತ್ತರವನ್ನು ಯಾವುದಕ್ಕೆ ಕೊಡಬಲ್ಲನು? ಹಳೆಯ ಚರ್ಚೆಯನ್ನು ಎತ್ತುವವನಿಗೆ ಇದೇ ಮೊದಲನೆಯ ಪಾಠ. ಹಿಂದೆ ನಡೆದುದನ್ನು ಆದಿಯಿಂದ ಅಂತ್ಯದವರೆಗೆ ಓದಬೇಕು. ಲೇಖನವನ್ನೋದಿ ಅದರ ಮೇಲಣ ಪತ್ರವನ್ನು ಬಿಟ್ಟರೆ ಓದಿದಂತಾಗಲಿಲ್ಲ. ಓದಿದುದನ್ನು, ಹೇಳಿದವರೇ ಕೇಳಿದರೂ ಒಪ್ಪುವ ಹಾಗೆ, ಮೊದಲು ಅನುವಾದಮಾಡಬೇಕು. ಆಮೇಲೆ ತನ್ನ ಮಾತು.

ಪುನರುಕ್ತವೂ ಒಂದು ನಿಗ್ರಹಸ್ಥಾನವೇ. ಆದರೆ ಶಾಸ್ತ್ರಕಾರರು ಅಲ್ಲಿ ಒಂದು ವಿನಾಯಿತಿಯನ್ನು ಕೊಟ್ಟಿರುವರು: ಪ್ರಯೋಜನವುಳ್ಳ ಮರುನುಡಿಯು ಅನುವಾದವೆನಿಸುವುದು, ದೋಷವೆನಿಸದು. ಮುಗಿದ ಮಾತನ್ನು ಮತ್ತೆತ್ತುವವನು ಹೊಸದೇನನ್ನು ತಂದನೆಂಬುದೇ ಪ್ರಶ್ನೆ. ಹೊಸ ಸಾಕ್ಷ್ಯ, ಹೊಸ ಹೋಲಿಕೆ, ಹಳೆಯ ತರ್ಕದಲ್ಲಿ ಯಾರೂ ಕಾಣದ ಬಿರುಕು, ಇವುಗಳಲ್ಲಿ ಒಂದಿದ್ದರೆ ಸಾಕು. ಏನೂ ಇಲ್ಲದಿದ್ದರೆ ಮೌನವೇ ಲೇಸು. ಹೊಸ ಮಾತು ಹಳೆಯ ವಿಷಯಕ್ಕೆ ಹೊಂದದಿದ್ದರೆ ಅದಕ್ಕೆ ಅರ್ಥಾಂತರವೆಂದು ಹೆಸರು. ಅಂಥದನ್ನು ಬೇರೊಂದು ಪ್ರಬಂಧವಾಗಿ ಬರೆಯುವುದು ಯೋಗ್ಯ. ವೇದಾಂತಿಗಳು ಅಧಿಕರಣದ ಅಂಗಗಳಲ್ಲಿ ಸಂಗತಿಯನ್ನೂ ಸೇರಿಸಿರುವುದು ಸುಮ್ಮನೆ ಅಲ್ಲ. ಹಿಂದಿನದಕ್ಕೂ ಇಂದಿನದಕ್ಕೂ ಇರುವ ಸಂಬಂಧವನ್ನು ತೋರಿಸದವನ ಮಾತು ಗಾಳಿಯಲ್ಲಿ ನಿಲ್ಲುವುದು.

ಇನ್ನು ಹಿರಿಯರ ತಪ್ಪು. ಮುಗಿಯಿತೆಂದು ಬಾಗಿಲು ಹಾಕುವ ಅಧಿಕಾರವು ಯಾರಿಗೂ ಇಲ್ಲ. ಕನ್ನಡದ ಅತಿ ಪ್ರಾಚೀನ ಶಾಸನ ಯಾವುದೆಂದು ಒಂದು ಕಾಲದಲ್ಲಿ ಕೇಳಿದ್ದರೆ, ಬಾದಾಮಿಯಲ್ಲಿ ಚಾಲುಕ್ಯ ಮಂಗಳೇಶನ ಕಾಲಕ್ಕೆ ಸೇರಿದ ಆರನೆಯ ಶತಮಾನದ ಬರಹವನ್ನು ತೋರಿಸುತ್ತಿದ್ದರು. 1936ರಲ್ಲಿ ಎಂ. ಎಚ್. ಕೃಷ್ಣ ಅವರು ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು ಬೆಳಕಿಗೆ ತಂದರು. ಹದಿನಾರು ಸಾಲಿನ ಆ ಕಲ್ಲು ಪ್ರಶ್ನೆಯನ್ನು ಐದನೆಯ ಶತಮಾನಕ್ಕೆ ಒಯ್ದಿತು. ಕಲ್ಲಿನಲ್ಲಿ ವರ್ಷವನ್ನು ಕೊರೆದಿಲ್ಲವಾದ್ದರಿಂದ ಅದರ ಕಾಲವನ್ನು ಕುರಿತೇ ಚರ್ಚೆಯು ಬೆಳೆಯಿತು. 2013ರ ಸುಮಾರಿನಲ್ಲಿ ತಾಳಗುಂದದ ಪ್ರಣವೇಶ್ವರ ದೇವಾಲಯದ ಬಳಿ ನಡೆದ ಉತ್ಖನನದಲ್ಲಿ ದೊರೆತ ಬರಹವು ಹಲ್ಮಿಡಿಯದಕ್ಕಿಂತಲೂ ಹಳೆಯದೆಂಬ ಅಭಿಪ್ರಾಯವು ಹೊರಬಿದ್ದು, ಚರ್ಚೆಯು ಮೂರನೆಯ ಸಾರಿ ಎದ್ದಿತು. ಮೊದಲನೆಯ ಉತ್ತರವನ್ನೇ ಮುದ್ರೆಯೊತ್ತಿ ಮುಚ್ಚಿಟ್ಟಿದ್ದರೆ ನಷ್ಟ ಯಾರಿಗಾಗುತ್ತಿತ್ತು? ತರುಣನು ಹಳೆಯದನ್ನು ಎತ್ತಿದಾಗ ಹಿರಿಯನು ಮಾಡಬೇಕಾದುದು ಗದರಿಕೆಯಲ್ಲ. ಇಂಥ ಸಂಪುಟದ ಇಂಥ ಪುಟವನ್ನು ನೋಡಪ್ಪಾ ಎಂದು ತೋರಿಸುವುದು. ದಾರಿ ತಿಳಿದವನು ದಾರಿಯನ್ನು ಹೇಳಬೇಕಲ್ಲದೆ, ನೀನೇಕೆ ಹೊರಟೆ ಎಂದು ಕೇಳಬಾರದು.

ಎಲ್ಲಕ್ಕೂ ಮೇಲಾದ ಮರ್ಯಾದೆಯು ಮತ್ತೊಂದುಂಟು. ಹಳೆಯ ಚರ್ಚೆಯಲ್ಲಿ ಮಾತನಾಡಿದವರು ಬಹುಮಟ್ಟಿಗೆ ಉತ್ತರ ಕೊಡಲಾರದವರು. ಕೆಲವರು ವೃದ್ಧರಾಗಿರುವರು, ಕೆಲವರು ಇಲ್ಲವಾಗಿರುವರು. ಇದ್ದರೆಂದು ತಿಳಿದವರಿಗೆ ಮುಂಚಿತವಾಗಿ ಒಂದು ಕಾಗದವನ್ನು ಬರೆದು ವಿಷಯವನ್ನು ತಿಳಿಸುವುದು ಧರ್ಮ. ಇಲ್ಲದವರ ಮಾತನ್ನು ಅವರ ಕಾಲದಲ್ಲಿ ದೊರೆಯುತ್ತಿದ್ದ ಸಾಧನಗಳ ಅಳತೆಯಿಂದಲೇ ಅಳೆಯಬೇಕು. ಅವರಿಗೆ ಸಲ್ಲುವ ಮನ್ನಣೆಯು ಅರ್ಧ ಪುಟದ್ದಾದರೂ ಅದನ್ನು ಹುಡುಕಿ ಸಲ್ಲಿಸುವುದು ಪಿತೃಗಳಿಗೆ ತರ್ಪಣವನ್ನು ಕೊಟ್ಟಂತೆಯೇ ಸರಿ. ಕೊಡುವವನಿಲ್ಲದಿದ್ದರೆ ಕೇಳುವವರೂ ಇಲ್ಲ.

ಗೋಷ್ಠಿಯ ಮರುದಿನ ಸಂಜೆ ವಕೀಲರು ವೃದ್ಧರ ಮನೆಗೆ ಹೋದರು. ಕ್ಷಮೆಯನ್ನು ಬೇಡುವುದಕ್ಕೆ ಅವರು ಸಿದ್ಧಪಡಿಸಿಕೊಂಡು ಹೋಗಿದ್ದ ಮಾತುಗಳಿಗೆ ಅವಕಾಶವೇ ದೊರೆಯಲಿಲ್ಲ; ವೃದ್ಧರು ಪೆಟ್ಟಿಗೆಯಿಂದ ಹಳೆಯ ಟಿಪ್ಪಣಿಗಳ ಕಟ್ಟನ್ನು ತೆಗೆದು ಮುಂದಿಟ್ಟು, ಅರಿಸ್ಟೋಫೆನೀಸನ ವಿಚಾರವನ್ನು ಕೇಳತೊಡಗಿದರು. ಆ ಕಟ್ಟಿನಲ್ಲಿ ಹಳ್ಳಿಯ ಮೇಷ್ಟರು ಬರೆದ ಹನ್ನೊಂದು ಕಾರ್ಡುಗಳಿದ್ದುವು.

ತಿದ್ದಿ ಬರೆದ ಪ್ರಬಂಧವು ನಾಲ್ಕು ತಿಂಗಳ ಮೇಲೆ ಅಚ್ಚಾಯಿತು. ಅದರ ಮೊದಲನೆಯ ವಾಕ್ಯದಲ್ಲೇ ಆ ಮೇಷ್ಟರ ಹೆಸರು, ಊರು, ಅವರ ಪತ್ರವು ಬಂದ ಸಂಪುಟ ಮತ್ತು ಪುಟದ ಸಂಖ್ಯೆಗಳಿದ್ದುವು. ಕಾರ್ಯದರ್ಶಿಗಳು ಮೂವತ್ತೆರಡು ವರ್ಷಗಳ ಹಿಂದಿನ ಸಂಪುಟವನ್ನು ತೆಗೆಸಿ, ಆ ಲೇಖನದ ನೆತ್ತಿಯ ಮೇಲೆ ಒಂದು ಚೀಟಿಯನ್ನು ಅಂಟಿಸಿದರು: “ಇದರ ಮುಂದಿನ ಮಾತಿಗೆ ಮಾರನೆಯ ವರ್ಷದ ಸಂಪುಟವನ್ನೂ ಈ ವರ್ಷದ ಸಂಚಿಕೆಯನ್ನೂ ನೋಡಿರಿ.” ಚೀಟಿಯ ಕೆಳಗೆ, ಇನ್ನೊಂದೆರಡು ಸಾಲುಗಳನ್ನು ಬರೆಯುವಷ್ಟು ಜಾಗವನ್ನು ಖಾಲಿಯಾಗಿಯೇ ಬಿಟ್ಟಿರುವರು.